ಎಎನ್‌ಎ ನೆಗೆಟಿವ್ ಬಂದ ಮೇಲೂ: ಅಪರೂಪದ ಸ್ವಪ್ರತಿಕಾಯಗಳನ್ನು ಹುಡುಕುವ ಮತ್ತು ವರದಿಯನ್ನು ಓದುವ ಸಮಗ್ರ ಮಾರ್ಗದರ್ಶಿ

ನಲವತ್ತೈದರ ಆಸುಪಾಸಿನ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳೋಣ. ಆರು ತಿಂಗಳಿಂದ ಅವರ ಬೆರಳಿನ ಅಂಚುಗಳು ಒರಟಾಗಿ ಬಿರಿಯುತ್ತಿವೆ. ಪಾತ್ರೆ ತೊಳೆಯುವ ಸೋಪಿನ ಅಲರ್ಜಿ ಇರಬೇಕೆಂದು ಮುಲಾಮು ಹಚ್ಚುತ್ತಿದ್ದಾರೆ. ಒಣಕೆಮ್ಮು ಶುರುವಾಗಿ ಮೂರು ತಿಂಗಳಾಯಿತು. ಕಫದಲ್ಲಿ ಏನೂ ಸಿಗದಿದ್ದರೂ ಕ್ಷಯ ಇರಬಹುದೆಂಬ ಅನುಮಾನದಲ್ಲೇ ದಿನಗಳು ಕಳೆದಿವೆ. ಬೆಳಿಗ್ಗೆ ಎದ್ದಾಗ ಕೈಗಂಟುಗಳು ಹಿಡಿದುಕೊಂಡಿರುತ್ತವೆ, ಸಂಜೆ ಸಣ್ಣ ಜ್ವರ ಬರುತ್ತದೆ, ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಕೊನೆಗೆ ಒಬ್ಬ ವೈದ್ಯರು ಎಎನ್‌ಎ ಪರೀಕ್ಷೆ ಬರೆದುಕೊಟ್ಟರು. ವರದಿ ನೆಗೆಟಿವ್ ಎಂದು ಬಂತು, ಆಟೋಇಮ್ಯೂನ್ ಕಾಯಿಲೆಯ ಮಾತು ಅಲ್ಲಿಗೇ ನಿಂತುಹೋಯಿತು.

ಆ ಮಾತು ಅಲ್ಲಿಗೆ ನಿಲ್ಲಬಾರದಿತ್ತು. ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮದೇ ದೇಹದ ಪ್ರೋಟೀನುಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳನ್ನು ಸ್ವಪ್ರತಿಕಾಯಗಳು ಎನ್ನುತ್ತೇವೆ. ಎಎನ್‌ಎ ಎಂಬುದು ಅವುಗಳಲ್ಲಿ ಜೀವಕೋಶದ ಕೋಶಕೇಂದ್ರವನ್ನು ಗುರಿಯಾಗಿಸಿಕೊಂಡವುಗಳನ್ನು ಹುಡುಕುವ ಪರೀಕ್ಷೆ. ಆದರೆ ಅಪರೂಪದ ಎಷ್ಟೋ ಪ್ರತಿಕಾಯಗಳ ಗುರಿ ಇರುವುದು ಕೋಶಕೇಂದ್ರದ ಹೊರಗೆ, ಅದನ್ನು ಸುತ್ತುವರಿದ ಕೋಶದ್ರವ್ಯದಲ್ಲಿ. ಸ್ನಾಯು, ಚರ್ಮ ಮತ್ತು ಶ್ವಾಸಕೋಶಗಳನ್ನು ಕಾಡುವ ಮಯೋಸೈಟಿಸ್ ಕುಟುಂಬದ ಕಾಯಿಲೆಗಳಲ್ಲಿ ಇದು ಬಹಳ ಮುಖ್ಯವಾದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ರೋಗಿಗಳು, ಅವರ ಮನೆಯವರು ಮತ್ತು ಇಂಥ ವರದಿಗಳನ್ನು ಮೊದಲ ಬಾರಿ ನೋಡುತ್ತಿರುವ ಕಿರಿಯ ವೈದ್ಯರು ನನ್ನ ಮನಸ್ಸಿನಲ್ಲಿರುವ ಓದುಗರು. ಇದನ್ನು ಓದಿ ಯಾರೂ ತಾವಾಗಿಯೇ ಔಷಧ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಕೂಡದು. ತಜ್ಞರ ಮುಂದೆ ಸರಿಯಾದ ಪ್ರಶ್ನೆ ಇಡಲು ಇದು ನೆರವಾದರೆ ಸಾಕು.

ಹಂತ 1: ವರದಿಯನ್ನು ಪಕ್ಕಕ್ಕಿಟ್ಟು ದೇಹದ ಕಥೆಯನ್ನು ಬರೆದುಕೊಳ್ಳಿ

ಯಾವ ಪ್ರತಿಕಾಯವನ್ನು ಹುಡುಕಬೇಕೆಂದು ಹೇಳುವುದು ರೋಗಿಯ ದೇಹವೇ. ಆದ್ದರಿಂದ ಒಂದು ಹಾಳೆ ತೆಗೆದುಕೊಂಡು, ಯಾವ ತೊಂದರೆ ಯಾವ ತಿಂಗಳಲ್ಲಿ ಶುರುವಾಯಿತು ಎಂಬುದನ್ನು ಸಾಲಾಗಿ ಬರೆಯಿರಿ.

ಸ್ನಾಯುಗಳ ಬಗ್ಗೆ ಬರೆಯುವಾಗ ಸುಸ್ತು ಎಂಬ ಒಂದೇ ಪದದಿಂದ ಪ್ರಯೋಜನವಿಲ್ಲ. ನೆಲದ ಮೇಲೆ ಕುಳಿತವರು ಕೈಯೂರದೆ ಏಳಬಲ್ಲರೇ, ಕುಕ್ಕರಗಾಲಿನಲ್ಲಿ ಕುಳಿತರೆ ಎದ್ದೇಳಲು ಗೋಡೆ ಹಿಡಿಯಬೇಕೇ, ತಲೆ ಬಾಚುವಾಗ ತೋಳು ಸೋಲುತ್ತದೆಯೇ, ಅಟ್ಟದ ಮೇಲಿನ ಡಬ್ಬ ಇಳಿಸಲು ಆಗುತ್ತದೆಯೇ, ಅನ್ನ ನುಂಗುವಾಗ ಗಂಟಲಲ್ಲಿ ತಡೆಯುತ್ತದೆಯೇ ಎಂದು ಬರೆಯಿರಿ. ಮಯೋಸೈಟಿಸ್ ಮೊದಲು ಹಿಡಿಯುವುದು ತೊಡೆ, ಸೊಂಟ ಮತ್ತು ಭುಜದ ಸ್ನಾಯುಗಳನ್ನು.

ಕೈಗಳನ್ನು ಬೆಳಕಿನಲ್ಲಿ ನೋಡಿ. ಹೆಬ್ಬೆರಳು ಮತ್ತು ತೋರುಬೆರಳುಗಳು ಒಂದಕ್ಕೊಂದು ಎದುರಾಗುವ ಅಂಚುಗಳಲ್ಲಿ ಚರ್ಮ ದಪ್ಪವಾಗಿ, ಒರಟಾಗಿ, ಕಪ್ಪು ಗೆರೆಗಳಂತೆ ಬಿರಿದಿದ್ದರೆ ಅದಕ್ಕೆ ವೈದ್ಯಕೀಯದಲ್ಲಿ ‘ಮೆಕ್ಯಾನಿಕ್ಸ್ ಹ್ಯಾಂಡ್ಸ್’ ಎನ್ನುತ್ತಾರೆ. ಗ್ಯಾರೇಜಿನಲ್ಲಿ ದುಡಿಯುವವರ ಕೈಯಂತೆ ಕಾಣುವುದರಿಂದ ಬಂದ ಹೆಸರು ಅದು. ತಣ್ಣೀರು ಮುಟ್ಟಿದಾಗ ಬೆರಳುಗಳು ಬಿಳಿಚಿಕೊಂಡು, ನೀಲಿಗಟ್ಟಿ, ಆಮೇಲೆ ಕೆಂಪಾಗುತ್ತಿದ್ದರೆ ಅದು ರೇನಾಡ್ ಲಕ್ಷಣ. ಬೆರಳಗಂಟುಗಳ ಮೇಲಿನ ದದ್ದು ಮತ್ತು ಕಣ್ಣಿನ ರೆಪ್ಪೆಯ ನೇರಳೆ ಛಾಯೆ ಡರ್ಮಟೊಮಯೋಸೈಟಿಸ್‌ನ, ಅಂದರೆ ಚರ್ಮವನ್ನೂ ಕಾಡುವ ಮಯೋಸೈಟಿಸ್‌ನ ಗುರುತುಗಳು. ಪುಸ್ತಕಗಳಲ್ಲಿ ಇವುಗಳ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವರದಾಗಿರುತ್ತವೆ. ನಮ್ಮ ಕಂದು ಚರ್ಮದಲ್ಲಿ ಅದೇ ಕೆಂಪು ಬಣ್ಣ ಕಪ್ಪು ಕಲೆಯಂತೆ ಅಥವಾ ಕಡುನೇರಳೆಯಾಗಿ ಕಾಣುವುದರಿಂದ, ಬಿಸಿಲಿಗೆ ಕಪ್ಪಾಗಿದೆ ಎಂದು ಎಲ್ಲರೂ ಸುಮ್ಮನಾಗಿಬಿಡುವ ಅಪಾಯ ನಿಜಕ್ಕೂ ಇದೆ. ದದ್ದು ಬಂದು ಹೋಗುವಂಥದ್ದಾದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಕುಟುಂಬದ ಆರೋಗ್ಯದ ಇತಿಹಾಸ, ಸೇವಿಸುತ್ತಿರುವ ಮಾತ್ರೆಗಳ ಹೆಸರು, ಅದರಲ್ಲೂ ಕೊಲೆಸ್ಟರಾಲ್‌ಗೆಂದು ಕೊಡುವ ಸ್ಟಾಟಿನ್ ಮಾತ್ರೆಗಳನ್ನು ಯಾವಾಗ ಆರಂಭಿಸಿದ್ದು ಎಂಬುದನ್ನು ಬರೆಯಲು ಮರೆಯಬೇಡಿ. ಅದರ ಕಾರಣ ಮುಂದೆ ತಿಳಿಯುತ್ತದೆ.

ಹಂತ 2: ಎಎನ್‌ಎ ವರದಿಯನ್ನು ಕೊನೆಯ ಸಾಲಿನವರೆಗೆ ಓದಿ

ಮೊದಲು ನೋಡಬೇಕಾದದ್ದು ಪರೀಕ್ಷೆಯ ವಿಧಾನ. ಇಮ್ಯುನೊಫ್ಲೋರೆಸೆನ್ಸ್ ವಿಧಾನದಲ್ಲಿ ಹೆಪ್-2 ಎಂಬ ಮಾನವ ಜೀವಕೋಶಗಳನ್ನು ಹರಡಿದ ಸ್ಲೈಡ್ ಮೇಲೆ ರೋಗಿಯ ಸೀರಂ ಹಾಕಿ, ಅಂಟಿಕೊಂಡ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಲೈಸಾ ವಿಧಾನದಲ್ಲಿ ಮೊದಲೇ ಆಯ್ದ ಕೆಲವು ಪ್ರೋಟೀನುಗಳ ವಿರುದ್ಧ ಮಾತ್ರ ಹುಡುಕಾಟ ನಡೆದು ಒಂದು ಸಂಖ್ಯೆ ಹೊರಬರುತ್ತದೆ. ಅಪರೂಪದ ಕಾಯಿಲೆಯ ಅನುಮಾನವಿದ್ದಾಗ ಸ್ಲೈಡ್ ವಿಧಾನವೇ ಬೇಕು, ಏಕೆಂದರೆ ನಾವು ಊಹಿಸದ ಪ್ರತಿಕಾಯದ ಸುಳಿವೂ ಅಲ್ಲಿ ಕಣ್ಣಿಗೆ ಬೀಳಬಹುದು. ಗಂಟು ಮತ್ತು ಆಟೋಇಮ್ಯೂನ್ ಕಾಯಿಲೆಗಳ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2009ರಲ್ಲೇ ಈ ವಿಧಾನವನ್ನು ಎಎನ್‌ಎ ಪರೀಕ್ಷೆಯ ಮಾನದಂಡವೆಂದು ಹೇಳಿದೆ.

ಎರಡನೆಯದು ಟೈಟರ್. 1:80 ಎಂದರೆ ಸೀರಂ ಅನ್ನು ಎಂಬತ್ತು ಪಟ್ಟು ತೆಳುವಾಗಿಸಿದರೂ ಹೊಳಪು ಉಳಿದಿದೆ ಎಂದರ್ಥ. 1997ರಲ್ಲಿ ಪ್ರಕಟವಾದ, ಹಲವು ಪ್ರಯೋಗಾಲಯಗಳು ಸೇರಿ ನಡೆಸಿದ ಅಧ್ಯಯನವೊಂದರಲ್ಲಿ ಆರೋಗ್ಯವಂತರ ಪೈಕಿ ಸುಮಾರು 13% ಜನರಿಗೆ 1:80ರಲ್ಲಿ, 5% ಜನರಿಗೆ 1:160ರಲ್ಲಿ, 3% ಜನರಿಗೆ 1:320ರಲ್ಲಿ ಎಎನ್‌ಎ ಪಾಸಿಟಿವ್ ಇತ್ತು. ಅಂದರೆ ಯಾವ ತೊಂದರೆಯೂ ಇಲ್ಲದವರಿಗೆ 1:80 ಪಾಸಿಟಿವ್ ಬಂದರೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಡಿಎಫ್‌ಎಸ್70 ಎಂಬ ಪ್ರತಿಕಾಯ ಒಂಟಿಯಾಗಿ ಕಂಡುಬರುವುದು ಹೆಚ್ಚಾಗಿ ಆರೋಗ್ಯವಂತರಲ್ಲೇ.

ಮೂರನೆಯದೇ ಅತಿ ಮುಖ್ಯವಾದದ್ದು: ಪ್ಯಾಟರ್ನ್, ಅಂದರೆ ಹೊಳಪಿನ ವಿನ್ಯಾಸ. ಐಕ್ಯಾಪ್ ಎಂಬ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ ಪ್ರತಿ ವಿನ್ಯಾಸಕ್ಕೂ ಎಸಿ ಎಂಬ ಅಕ್ಷರಗಳೊಂದಿಗೆ ಒಂದು ಸಂಖ್ಯೆ ಇದೆ. ಎಸಿ-1 ಕೋಶಕೇಂದ್ರವಿಡೀ ಸಮನಾಗಿ ಹೊಳೆಯುವ ವಿನ್ಯಾಸ, ಎಸಿ-3 ಸೆಂಟ್ರೊಮಿಯರ್ ವಿನ್ಯಾಸ. ಎಸಿ-15ರಿಂದ ಎಸಿ-23ರವರೆಗಿನವು ಕೋಶದ್ರವ್ಯದ ವಿನ್ಯಾಸಗಳು. ಇವುಗಳಲ್ಲಿ ಎಸಿ-19 ಕಂಡರೆ ಪಿಎಲ್-7, ಪಿಎಲ್-12, ಎಸ್‌ಆರ್‌ಪಿ ಅಥವಾ ರೈಬೊಸೋಮಲ್ ಪಿ ಪ್ರತಿಕಾಯಗಳನ್ನೂ, ಎಸಿ-20 ಕಂಡರೆ ಜೋ-1 ಪ್ರತಿಕಾಯವನ್ನೂ ನೆನೆಯಬೇಕು. ಕೋಶದ್ರವ್ಯ ಮಾತ್ರ ಹೊಳೆದು ಕೋಶಕೇಂದ್ರ ಕತ್ತಲಾಗಿದ್ದಾಗ ಅದನ್ನು ಎಎನ್‌ಎ ಪಾಸಿಟಿವ್ ಎನ್ನಬೇಕೇ ನೆಗೆಟಿವ್ ಎನ್ನಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಹೀಗಾಗಿ ದಪ್ಪ ಅಕ್ಷರದಲ್ಲಿ ನೆಗೆಟಿವ್ ಎಂದು ಮುದ್ರಿಸಿ, ಕೆಳಗೆ ಸಣ್ಣ ಅಕ್ಷರದಲ್ಲಿ ಕೋಶದ್ರವ್ಯದ ಹೊಳಪನ್ನು ಟಿಪ್ಪಣಿಯಾಗಿ ಬರೆಯುವುದುಂಟು; ಏನನ್ನೂ ಬರೆಯದೆ ಬಿಡುವುದೂ ಉಂಟು. ಟಿಪ್ಪಣಿ ಇಲ್ಲದಿದ್ದರೆ ಕೋಶದ್ರವ್ಯದಲ್ಲಿ ಹೊಳಪಿತ್ತೇ ಎಂದು ವೈದ್ಯರ ಮೂಲಕ ಪ್ರಯೋಗಾಲಯವನ್ನು ಕೇಳಿಸಿ. ನಮ್ಮ ಮಹಿಳೆಯ ವರದಿಯ ಕೊನೆಯ ಸಾಲಿನಲ್ಲಿ ಎಸಿ-19 ಎಂದಿತ್ತು ಎಂದುಕೊಳ್ಳೋಣ. ಅದನ್ನು ಯಾರೂ ಓದಿರಲಿಲ್ಲ.

ಹಂತ 3: ಸರಿಯಾದ ಪ್ಯಾನೆಲ್ ಆರಿಸಿಕೊಳ್ಳಿ

ಹಲವು ಪ್ರತಿಕಾಯಗಳನ್ನು ಒಟ್ಟಿಗೆ ಹುಡುಕುವ ಪರೀಕ್ಷೆಗೆ ಪ್ಯಾನೆಲ್ ಅಥವಾ ಪ್ರೊಫೈಲ್ ಎನ್ನುತ್ತಾರೆ. ಸಾಮಾನ್ಯವಾಗಿ ಇಎನ್‌ಎ ಅಥವಾ ಎಎನ್‌ಎ ಪ್ರೊಫೈಲ್ ಎಂದು ಮಾಡಿಸುವ ಪರೀಕ್ಷೆಯಲ್ಲಿ ಮಯೋಸೈಟಿಸ್‌ಗೆ ಸಂಬಂಧಿಸಿದಂತೆ ಜೋ-1 ಇರುತ್ತದೆ, ಕೆಲವೊಮ್ಮೆ ಪಿಎಂ-ಎಸ್‌ಸಿಎಲ್ ಕೂಡ ಇರುತ್ತದೆ. ಆದರೆ ಉಳಿದವು ಇರುವುದಿಲ್ಲ. ಆದ್ದರಿಂದ ಆ ವರದಿ ನೆಗೆಟಿವ್ ಬಂದರೆ ಮಯೋಸೈಟಿಸ್ ಪ್ರತಿಕಾಯಗಳಿಲ್ಲ ಎಂದು ತಿಳಿಯುವಂತಿಲ್ಲ. ಸ್ನಾಯು ದೌರ್ಬಲ್ಯ, ಡರ್ಮಟೊಮಯೋಸೈಟಿಸ್‌ನ ದದ್ದು, ಮೆಕ್ಯಾನಿಕ್ಸ್ ಹ್ಯಾಂಡ್ಸ್ ಅಥವಾ ಕಾರಣ ತಿಳಿಯದ ಶ್ವಾಸಕೋಶದ ನಾರುಗಟ್ಟುವಿಕೆ ಇದ್ದವರಿಗೆ ಮಯೋಸೈಟಿಸ್ ಪ್ರೊಫೈಲ್ ಎಂದೇ ಹೆಸರಿಸಿ ಬರೆಸಬೇಕು. ಅದರ ಬೆಲೆ ಎಎನ್‌ಎಗಿಂತ ಬಹಳ ಹೆಚ್ಚಾದ್ದರಿಂದ ಹಣ ಕಟ್ಟುವ ಮೊದಲು ಪ್ಯಾನೆಲ್‌ನಲ್ಲಿ ಯಾವ ಯಾವ ಪ್ರತಿಕಾಯಗಳಿವೆ ಎಂಬ ಪಟ್ಟಿ ಕೇಳಿ ಪಡೆಯಿರಿ. ಎಚ್‌ಎಂಜಿಸಿಆರ್ ಎಂಬ ಪ್ರತಿಕಾಯ ಎಷ್ಟೋ ಪ್ಯಾನೆಲ್‌ಗಳಲ್ಲಿ ಇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಚರ್ಮ ಬಿಗಿಯಾಗುವ ಸ್ಕ್ಲಿರೋಡರ್ಮಾದ ಅನುಮಾನವಿದ್ದರೆ ಬೇಕಾದದ್ದು ಬೇರೆ ಪ್ಯಾನೆಲ್. ಅದರಲ್ಲಿ ಆರ್‌ಎನ್‌ಎ ಪಾಲಿಮರೇಸ್ 3 ಇದೆಯೇ ನೋಡಿ. ಆ ಪ್ರತಿಕಾಯ ಇರುವವರಿಗೆ ರಕ್ತದೊತ್ತಡ ದಿಢೀರನೆ ಏರಿ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚಿರುವುದರಿಂದ ಮನೆಯಲ್ಲೇ ಬಿಪಿ ನೋಡಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು, ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಕೊಡುವಾಗ ವೈದ್ಯರು ಬಹಳ ಯೋಚಿಸಬೇಕು. ಮಿದುಳು ಮತ್ತು ನರಗಳ ಸ್ವಪ್ರತಿಕಾಯಗಳದು ಇನ್ನೊಂದೇ ಲೋಕ. ದಿಢೀರನೆ ಮನೋವಿಕಾರ, ಫಿಟ್ಸ್ ಮತ್ತು ಮುಖದ ವಿಚಿತ್ರ ಚಲನೆಗಳು ಒಟ್ಟಿಗೆ ಬಂದ ಯುವತಿಗೆ 2007ರಲ್ಲಿ ಮೊದಲು ವಿವರಿಸಲಾದ ಎನ್‌ಎಂಡಿಎ ರಿಸೆಪ್ಟರ್ ಪ್ರತಿಕಾಯದ ಪರೀಕ್ಷೆಯನ್ನು ಬೆನ್ನುಹುರಿಯ ದ್ರವದಲ್ಲೂ ಮಾಡಿಸಬೇಕು, ಏಕೆಂದರೆ ರಕ್ತದಲ್ಲಿ ಮಾತ್ರ ಹುಡುಕಿದರೆ ತಪ್ಪಿಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ನರಸಂಬಂಧಿ ಪ್ರತಿಕಾಯಗಳ ಪರೀಕ್ಷೆ ನಡೆಯುತ್ತದೆ.

ಹಂತ 4: ರಕ್ತ ಕೊಡುವ ಸಮಯ

ಉಪವಾಸ ಬೇಕಿಲ್ಲ. ಆದರೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಕೊಡುವ ಯೋಜನೆಯಿದ್ದರೆ ಅದಕ್ಕೂ ಮೊದಲೇ ರಕ್ತದ ಮಾದರಿ ತೆಗೆದಿಡಬೇಕು, ಏಕೆಂದರೆ ಆ ಔಷಧವನ್ನು ಸಾವಿರಾರು ದಾನಿಗಳ ರಕ್ತದಿಂದ ತಯಾರಿಸುವುದರಿಂದ ಅವರ ಪ್ರತಿಕಾಯಗಳೇ ರೋಗಿಯ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಪ್ಲಾಸ್ಮಾ ಬದಲಾವಣೆ ಮಾಡುವುದಿದ್ದರೂ ಮಾದರಿಯನ್ನು ಮೊದಲೇ ತೆಗೆಯಬೇಕು. ಸ್ಟೀರಾಯ್ಡ್ ಆರಂಭವಾಗಿಬಿಟ್ಟಿದೆ ಎಂಬ ಕಾರಣಕ್ಕೆ ಪರೀಕ್ಷೆಯನ್ನು ಕೈಬಿಡಬೇಕಾಗಿಲ್ಲ.

ಹಂತ 5: ಬ್ಯಾಂಡ್‌ಗಳನ್ನು ಅನುಮಾನದಿಂದಲೇ ಓದಿ

ಮಯೋಸೈಟಿಸ್ ಪ್ರೊಫೈಲನ್ನು ಹೆಚ್ಚಿನ ಕಡೆ ಲೈನ್ ಬ್ಲಾಟ್ ವಿಧಾನದಲ್ಲಿ ಮಾಡುತ್ತಾರೆ. ಒಂದು ಪಟ್ಟಿಯ ಮೇಲೆ ಬೇರೆ ಬೇರೆ ಪ್ರೋಟೀನುಗಳನ್ನು ಗೆರೆಗಳಾಗಿ ಹಚ್ಚಿರುತ್ತಾರೆ. ರೋಗಿಯ ಸೀರಂನಲ್ಲಿ ಯಾವುದರ ವಿರುದ್ಧ ಪ್ರತಿಕಾಯವಿದೆಯೋ ಆ ಗೆರೆ ಬಣ್ಣ ತಳೆಯುತ್ತದೆ. ಬಣ್ಣದ ಗಾಢತೆಯನ್ನು ಒಂದು, ಎರಡು, ಮೂರು ಪ್ಲಸ್ ಎಂದು ಬರೆಯುತ್ತಾರೆ. ವಿಧಾನ ಸುಲಭ, ಆದರೆ ಸುಳ್ಳು ಪಾಸಿಟಿವ್ ಇಲ್ಲಿ ಅಪರೂಪವಲ್ಲ. ನನ್ನ ಅಭಿಪ್ರಾಯದಲ್ಲಿ, ಈ ಇಡೀ ಹಾದಿಯಲ್ಲಿ ರೋಗಿಗೆ ಹೆಚ್ಚು ಹಾನಿಯಾಗುವುದು ಎರಡು ಕಡೆ. ಒಂದು, ನೆಗೆಟಿವ್ ಎಎನ್‌ಎಯನ್ನು ಅತಿಯಾಗಿ ನಂಬಿದಾಗ. ಇನ್ನೊಂದು, ಮಸುಕಾದ ಒಂದು ಗೆರೆಯನ್ನು ಅತಿಯಾಗಿ ನಂಬಿದಾಗ.

ಆದ್ದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಗೆರೆ ಗಾಢವಾಗಿದೆಯೇ, ಇಲ್ಲವೇ ಒಂದೇ ಪ್ಲಸ್ ಇದೆಯೇ? ಮಯೋಸೈಟಿಸ್‌ಗೇ ವಿಶಿಷ್ಟವಾದ ಪ್ರತಿಕಾಯಗಳಲ್ಲಿ ಒಂದೇ ಬಂದಿದೆಯೇ, ಎರಡು ಮೂರು ಒಟ್ಟಿಗೆ ಬಂದಿವೆಯೇ? ಈ ಪ್ರತಿಕಾಯಗಳು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯಲ್ಲಿ ಒಂದೇ ಇರುವಂಥವು. ಎಂಐ-2, ಎಸ್‌ಆರ್‌ಪಿ, ಪಿಎಲ್-7 ಮೂರೂ ಒಂದೊಂದು ಪ್ಲಸ್ ಎಂದಿದ್ದರೆ ವರದಿಯ ಮೇಲೇ ಸಂಶಯ ಪಡಬೇಕು. ಮೂರನೆಯದಾಗಿ, ಸ್ಲೈಡ್‌ನಲ್ಲಿ ಕಂಡ ವಿನ್ಯಾಸಕ್ಕೂ ಈ ಗೆರೆಗೂ ತಾಳೆಯಾಗುತ್ತದೆಯೇ? ಎಂಐ-2 ಇದ್ದರೆ ಕೋಶಕೇಂದ್ರ ಹೊಳೆಯಬೇಕು, ಪಿಎಲ್-12 ಇದ್ದರೆ ಕೋಶದ್ರವ್ಯ. ನಮ್ಮ ಮಹಿಳೆಗೆ ಪಿಎಲ್-12 ಮೂರು ಪ್ಲಸ್, ಆರ್‌ಒ-52 ಮೂರು ಪ್ಲಸ್ ಬಂದಿವೆ, ಸ್ಲೈಡ್‌ನಲ್ಲಿ ಎಸಿ-19 ಇದೆ. ಆರ್‌ಒ-52 ಮಯೋಸೈಟಿಸ್‌ಗೇ ವಿಶಿಷ್ಟವಾದದ್ದಲ್ಲ, ಆದರೆ ಇವುಗಳ ಜೊತೆಗೆ ಮೇಲಿಂದ ಮೇಲೆ ಕಾಣಿಸುತ್ತದೆ. ಕೈ, ಕೆಮ್ಮು, ಗಂಟು ನೋವು, ಸ್ಲೈಡ್ ಮತ್ತು ಗೆರೆ ಎಲ್ಲವೂ ಒಂದೇ ಮಾತು ಹೇಳುತ್ತಿರುವುದರಿಂದ ಈ ವರದಿಯನ್ನು ನಂಬಬಹುದು.

ಹಂತ 6: ಪ್ರತಿಕಾಯ ತೋರಿಸಿದ ಅಂಗವನ್ನು ಕೂಡಲೇ ಪರೀಕ್ಷಿಸಿ

ಪಿಎಲ್-12 ಸೇರಿರುವ ಗುಂಪಿಗೆ ಆಂಟಿಸಿಂಥಟೇಸ್ ಪ್ರತಿಕಾಯಗಳು ಎಂದು ಹೆಸರು. ಪ್ರೋಟೀನು ಕಟ್ಟುವಾಗ ಅಮೈನೋ ಆಮ್ಲಗಳನ್ನು ಅವುಗಳನ್ನು ಹೊತ್ತೊಯ್ಯುವ ಟಿ-ಆರ್‌ಎನ್‌ಎಗೆ ಜೋಡಿಸುವ ಕಿಣ್ವಗಳೇ ಇವುಗಳ ಗುರಿ. 1980ರಲ್ಲಿ ವಿವರಿಸಲಾದ ಜೋ-1ರ ಗುರಿ ಹಿಸ್ಟಿಡಿಲ್ ಟಿ-ಆರ್‌ಎನ್‌ಎ ಸಿಂಥಟೇಸ್ ಎಂದು 1983ರಲ್ಲಿ ತಿಳಿದುಬಂತು. ಪಿಎಲ್-7, ಪಿಎಲ್-12, ಇಜೆ, ಒಜೆ, ಕೆಎಸ್, ಝಡ್‌ಒ, ಎಚ್‌ಎ ಅದರ ಅಪರೂಪದ ಒಡಹುಟ್ಟುಗಳು. ಜ್ವರ, ಗಂಟು ನೋವು, ರೇನಾಡ್, ಮೆಕ್ಯಾನಿಕ್ಸ್ ಹ್ಯಾಂಡ್ಸ್, ಸ್ನಾಯು ಉರಿಯೂತ ಮತ್ತು ಶ್ವಾಸಕೋಶದ ಉರಿಯೂತ ಈ ಗುಂಪಿನ ಲಕ್ಷಣಗಳು. ಪಿಎಲ್-7 ಮತ್ತು ಪಿಎಲ್-12 ಇರುವವರಲ್ಲಿ ಸ್ನಾಯುವಿಗಿಂತ ಶ್ವಾಸಕೋಶದ ತೊಂದರೆಯೇ ಮುಂದಾಗುವುದರಿಂದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಸಿಪಿಕೆ ಎಂಬ ಕಿಣ್ವ ಸಹಜವಾಗಿದ್ದರೂ ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ) ಸ್ಕ್ಯಾನ್ ಮತ್ತು ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಆಗಲೇಬೇಕು. ಆ ಪರೀಕ್ಷೆಯಲ್ಲಿ ಬರೀ ಊದುವುದಷ್ಟೇ ಅಲ್ಲದೆ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಸರಾಗವಾಗಿ ದಾಟುತ್ತದೆ ಎಂದು ತೋರಿಸುವ ಡಿಎಲ್‌ಸಿಒ ಎಂಬ ಅಳತೆಯೂ ಇರಲಿ. 2017ರ ಅಂತರರಾಷ್ಟ್ರೀಯ ಮಯೋಸೈಟಿಸ್ ವರ್ಗೀಕರಣದಲ್ಲಿ ಪ್ರತಿಕಾಯಗಳ ಪೈಕಿ ಅಂಕ ಸಿಗುವುದು ಜೋ-1ಕ್ಕೆ ಮಾತ್ರ. ಉಳಿದ ಪ್ರತಿಕಾಯಗಳಿರುವ ರೋಗಿ ಆ ಅಂಕಪಟ್ಟಿಯಲ್ಲಿ ತೇರ್ಗಡೆಯಾಗದಿದ್ದರೂ ಕಾಯಿಲೆ ಇಲ್ಲವೆಂದು ಹೇಳಲಾಗದು.

ಎಂಡಿಎ5 ಪ್ರತಿಕಾಯದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಇಲ್ಲಿ ವಾರಗಳಿಗೂ ಬೆಲೆಯಿದೆ. ಜಪಾನಿನ ಸಂಶೋಧಕರು 2005ರಲ್ಲಿ ಇದನ್ನು ಸಿಎಡಿಎಂ-140 ಎಂಬ ಹೆಸರಿನಲ್ಲಿ ಮೊದಲು ವಿವರಿಸಿದರು. ಗುರಿ ಎಂಡಿಎ5 ಎಂಬ ಪ್ರೋಟೀನು ಎಂದು 2009ರಲ್ಲಿ ಗೊತ್ತಾಯಿತು. ಆ ಪ್ರೋಟೀನಿನ ಸಹಜ ಕೆಲಸ ಜೀವಕೋಶದೊಳಗೆ ನುಗ್ಗಿದ ವೈರಸ್‌ನ ಆರ್‌ಎನ್‌ಎಯನ್ನು ಪತ್ತೆಹಚ್ಚುವುದು. ಈ ರೋಗಿಗಳಲ್ಲಿ ಸ್ನಾಯು ದೌರ್ಬಲ್ಯ ಕಡಿಮೆ ಅಥವಾ ಇಲ್ಲವೇ ಇಲ್ಲ, ಸಿಪಿಕೆ ಸಹಜ, ಎಎನ್‌ಎ ಹಲವು ಬಾರಿ ನೆಗೆಟಿವ್. ಬೆರಳಗಂಟು ಮತ್ತು ಮೊಣಕೈ ಮೇಲೆ ಹುಣ್ಣುಗಳು, ಅಂಗೈ ಗೆರೆಗಳಲ್ಲಿ ನೋಯುವ ಗುಳ್ಳೆಗಳು, ಕೂದಲು ಉದುರುವಿಕೆ, ಬಾಯಿಹುಣ್ಣು ಕಾಣಬಹುದು. ಕೆಲವರಲ್ಲಿ ಕೆಲವೇ ವಾರಗಳಲ್ಲಿ ಶ್ವಾಸಕೋಶ ಕೈಕೊಡುತ್ತದೆ. ಸಿಟಿ ಚಿತ್ರ ವೈರಸ್ ನ್ಯುಮೋನಿಯಾದಂತೆಯೇ ಕಾಣುವುದರಿಂದ ಆಂಟಿಬಯೋಟಿಕ್‌ಗಳಲ್ಲೇ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ರಕ್ತದಲ್ಲಿ ಫೆರಿಟಿನ್ ಎಂಬ ಪ್ರೋಟೀನು ಏರುತ್ತಿದ್ದರೆ ಅಪಾಯ ಹೆಚ್ಚು. ಜಪಾನಿನಲ್ಲಿ ಸ್ಟೀರಾಯ್ಡ್, ಟ್ಯಾಕ್ರೊಲಿಮಸ್ ಮತ್ತು ಸೈಕ್ಲೊಫಾಸ್ಫಮೈಡ್ ಮೂರನ್ನೂ ಆರಂಭದಿಂದಲೇ ಕೊಟ್ಟ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಆರು ತಿಂಗಳ ನಂತರ 89% ರೋಗಿಗಳು ಬದುಕುಳಿದಿದ್ದರು. ಔಷಧಗಳನ್ನು ಒಂದಾದ ಮೇಲೊಂದು ಸೇರಿಸುತ್ತಿದ್ದ ಹಿಂದಿನ ಕಾಲದ ರೋಗಿಗಳಲ್ಲಿ ಆ ಪ್ರಮಾಣ 33% ಇತ್ತು. ಆದ್ದರಿಂದ ಇಂಥ ಚರ್ಮದ ಲಕ್ಷಣಗಳ ಜೊತೆ ಉಸಿರಾಟದ ತೊಂದರೆ ಇದ್ದರೆ ಪ್ರತಿಕಾಯದ ವರದಿ ಬರಲೆಂದು ಮನೆಯಲ್ಲಿ ಕಾಯಬೇಡಿ. ರುಮಟಾಲಜಿ ಮತ್ತು ಶ್ವಾಸಕೋಶ ತಜ್ಞರಿಬ್ಬರೂ ಇರುವ ದೊಡ್ಡ ಆಸ್ಪತ್ರೆಗೆ ಅಂದೇ ಹೋಗಿ.

ಟಿಐಎಫ್1 ಗಾಮಾ ಪ್ರತಿಕಾಯ ವಯಸ್ಕರಲ್ಲಿ ಬಂದರೆ, ವಿಶೇಷವಾಗಿ ನಲವತ್ತು ದಾಟಿದವರಲ್ಲಿ, ಅಡಗಿರುವ ಕ್ಯಾನ್ಸರ್‌ಗಾಗಿ ವ್ಯವಸ್ಥಿತ ಹುಡುಕಾಟ ನಡೆಯಬೇಕು. ಎನ್‌ಎಕ್ಸ್‌ಪಿ2 ಇದ್ದರೂ ಅದೇ ಎಚ್ಚರ ಬೇಕು. ಹೆಚ್ಚಿನ ಕ್ಯಾನ್ಸರ್‌ಗಳು ಕಾಣಿಸಿಕೊಳ್ಳುವುದು ಮಯೋಸೈಟಿಸ್ ಪತ್ತೆಯಾಗುವ ಹಿಂದಿನ ಮತ್ತು ಮುಂದಿನ ಮೂರು ವರ್ಷಗಳ ಅವಧಿಯಲ್ಲಿ. ಮಕ್ಕಳಲ್ಲಿ ಇದೇ ಪ್ರತಿಕಾಯಗಳಿಗೂ ಕ್ಯಾನ್ಸರ್‌ಗೂ ಅಂಥ ನಂಟಿಲ್ಲ ಎಂಬುದನ್ನು ತಂದೆತಾಯಂದಿರಿಗೆ ಮೊದಲೇ ಹೇಳಬೇಕು. ಮಕ್ಕಳಲ್ಲಿ ಎನ್‌ಎಕ್ಸ್‌ಪಿ2 ಇದ್ದರೆ ಚರ್ಮದಡಿ ಕ್ಯಾಲ್ಸಿಯಂ ಗಟ್ಟಿಗೊಳ್ಳುವ ತೊಂದರೆಗೆ ಸಿದ್ಧರಾಗಿರಬೇಕು.

ಎಸ್‌ಆರ್‌ಪಿ ಮತ್ತು ಎಚ್‌ಎಂಜಿಸಿಆರ್ ಇರುವವರಲ್ಲಿ ಸ್ನಾಯುತಂತುಗಳೇ ಸಾಯುತ್ತವೆ, ಸಿಪಿಕೆ ಸಾವಿರಗಳಿಗೆ ಏರುತ್ತದೆ. ಇಲ್ಲಿ ಒಂದು ಬಲೆಯಿದೆ. ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ಯಕೃತ್ತಿನಲ್ಲಿರುವಂತೆ ಸ್ನಾಯುವಿನಲ್ಲೂ ಇರುವುದರಿಂದ ಲಿವರ್ ಪರೀಕ್ಷೆಯಲ್ಲಿ ಅವು ಏರಿದ್ದನ್ನು ಕಂಡು ತಿಂಗಳುಗಟ್ಟಲೆ ಲಿವರ್‌ಗೆ ಚಿಕಿತ್ಸೆ ನಡೆಯಬಹುದು. ಲಿವರ್ ತೊಂದರೆಯ ಸುಳಿವು ಕೊಡುವ ಜಿಜಿಟಿ ಎಂಬ ಇನ್ನೊಂದು ಕಿಣ್ವ ಸಹಜವಾಗಿದ್ದು ಈ ಎರಡು ಮಾತ್ರ ಏರಿದ್ದರೆ ಸಿಪಿಕೆ ಮಾಡಿಸಿ ನೋಡಬೇಕು. ಖರ್ಚು ಕಡಿಮೆ, ಉತ್ತರ ಅದೇ ದಿನ. ಎಚ್‌ಎಂಜಿಸಿಆರ್ ಎಂಬುದು ಸ್ಟಾಟಿನ್ ಮಾತ್ರೆಗಳು ತಡೆಯುವ ಕಿಣ್ವವೇ. ಸ್ಟಾಟಿನ್‌ನಿಂದ ಬರುವ ಸಾಮಾನ್ಯ ಸ್ನಾಯು ನೋವು ಮಾತ್ರೆ ನಿಲ್ಲಿಸಿದಾಗ ಇಳಿಯುತ್ತದೆ. ಈ ಪ್ರತಿಕಾಯ ಇರುವವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ಕಾಯಿಲೆ ಮುಂದುವರಿಯುವುದರಿಂದ ರೋಗನಿರೋಧಕ ವ್ಯವಸ್ಥೆಯನ್ನು ಹತ್ತಿಕ್ಕುವ ಚಿಕಿತ್ಸೆ ಬೇಕಾಗುತ್ತದೆ. ಸ್ಟಾಟಿನ್ ಎಂದೂ ಸೇವಿಸದವರಲ್ಲೂ ಇದು ಬರುವುದುಂಟು.

ಹಂತ 7: ಆರ್‌ಒ ಇದ್ದರೆ ಗರ್ಭಧಾರಣೆಯ ವಿಚಾರ

ಆರ್‌ಒ ಪ್ರತಿಕಾಯ ಬೇರೇನನ್ನೋ ಹುಡುಕುವಾಗ ಸಿಕ್ಕಿದ್ದಾದರೂ ಮಕ್ಕಳಾಗುವ ವಯಸ್ಸಿನ ಮಹಿಳೆಗೆ ಅದನ್ನು ತಿಳಿಸಲೇಬೇಕು. ಅದು ಜರಾಯುವಿನ (ಪ್ಲಾಸೆಂಟಾ) ಮೂಲಕ ಮಗುವಿಗೆ ದಾಟುತ್ತದೆ. ಸುಮಾರು 1ರಿಂದ 2% ಗರ್ಭಗಳಲ್ಲಿ ಮಗುವಿನ ಹೃದಯದ ವಿದ್ಯುತ್ ಹರಿವು ತಡೆಯಾಗಿ ಹೃದಯಬಡಿತ ನಿಧಾನವಾಗಬಹುದು. ಹಿಂದಿನ ಮಗುವಿಗೆ ಹಾಗಾಗಿದ್ದರೆ ಮುಂದಿನ ಗರ್ಭದಲ್ಲಿ ಆ ಸಾಧ್ಯತೆ 16ರಿಂದ 18%ಕ್ಕೆ ಏರುತ್ತದೆ. ಅಂಥ ತಾಯಂದಿರು ಗರ್ಭಾವಸ್ಥೆಯ ಆರಂಭದಿಂದಲೇ ಹೈಡ್ರಾಕ್ಸಿಕ್ಲೋರೊಕ್ವಿನ್ ಸೇವಿಸಿದಾಗ ಅಪಾಯ ಅರ್ಧಕ್ಕೂ ಕಡಿಮೆಯಾಗುವುದು 2020ರ ಅಧ್ಯಯನದಲ್ಲಿ ಕಂಡುಬಂದಿದೆ. ಪ್ರಸೂತಿ ತಜ್ಞರಿಗೆ ಮೊದಲ ಭೇಟಿಯಲ್ಲೇ ವರದಿ ತೋರಿಸಿದರೆ, ತೊಂದರೆ ಕಾಣಿಸಿಕೊಳ್ಳುವ 16ರಿಂದ 26ನೇ ವಾರದ ನಡುವೆ ಮಗುವಿನ ಹೃದಯದ ಸ್ಕ್ಯಾನ್‌ಗಳನ್ನು ಗೊತ್ತುಮಾಡಿಕೊಳ್ಳಬಹುದು.

ಹಂತ 8: ಎಲ್ಲವೂ ನೆಗೆಟಿವ್ ಬಂದರೆ

ಪ್ಯಾನೆಲ್ ನೆಗೆಟಿವ್ ಆದರೂ ಕಾಯಿಲೆ ಇರಬಹುದು. ಝಡ್‌ಒ, ಎಚ್‌ಎ ಬಹುತೇಕ ಪ್ಯಾನೆಲ್‌ಗಳಲ್ಲಿ ಇರುವುದಿಲ್ಲ. ಒಜೆ ಇದ್ದರೂ ಲೈನ್ ಬ್ಲಾಟ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ, ಏಕೆಂದರೆ ಅದರ ಗುರಿ ಹಲವು ಕಿಣ್ವಗಳು ಸೇರಿದ ದೊಡ್ಡ ಜೋಡಣೆ. ಕೋಶದ್ರವ್ಯ ಗಾಢವಾಗಿ ಹೊಳೆದು ಪ್ಯಾನೆಲ್ ಮಾತ್ರ ನೆಗೆಟಿವ್ ಆಗಿದ್ದರೆ, ಇಲ್ಲಿ ಹೆಸರಿಲ್ಲದ ಒಂದು ಪ್ರತಿಕಾಯ ಇದೆಯೆಂದೇ ತಿಳಿದು ಮುಂದುವರಿಯಬೇಕು. ಸ್ನಾಯುವಿನ ಎಂಆರ್‌ಐ, ಬಯಾಪ್ಸಿ ಮತ್ತು ಎಚ್‌ಆರ್‌ಸಿಟಿ ಹೇಳುವ ಮಾತಿಗೆ ಆಗ ಹೆಚ್ಚು ತೂಕ ಕೊಡಬೇಕು.

ಹಂತ 9: ಚಿಕಿತ್ಸೆಗೆ ಮೊದಲು ಮತ್ತು ನಂತರ

ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಆರಂಭಿಸುವ ಮೊದಲು ಕ್ಷಯ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ತಪಾಸಣೆ ಆಗಿದೆಯೇ ಎಂದು ಕೇಳಿ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ಸೋಂಕು ತಡೆಯಲು ಕೋಟ್ರೈಮಾಕ್ಸಝೋಲ್ ಬೇಕೇ ಎಂಬುದನ್ನೂ ವೈದ್ಯರೊಂದಿಗೆ ಮಾತನಾಡಿ. ಸ್ಟೀರಾಯ್ಡ್ ಮಾತ್ರೆಯನ್ನು ಎಷ್ಟೇ ಹುಷಾರಾದರೂ ಒಮ್ಮೆಲೇ ನಿಲ್ಲಿಸಬೇಡಿ.

ಎಎನ್‌ಎ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮತ್ತೆ ಮಾಡಿಸುವುದು ಹಣ ವ್ಯರ್ಥ. ಕಾಯಿಲೆಯ ಏರಿಳಿತವನ್ನು ತಿಳಿಸುವುದು ಸಿಪಿಕೆ, ಸ್ನಾಯುಬಲದ ಅಳತೆ, ಶ್ವಾಸಕೋಶದ ಪರೀಕ್ಷೆ ಮತ್ತು, ಎಂಡಿಎ5 ಇದ್ದವರಲ್ಲಿ, ಫೆರಿಟಿನ್. ಫೈಲಿನ ಮೊದಲ ಪುಟದಲ್ಲಿ ಪ್ರತಿಕಾಯದ ಹೆಸರು, ಎಷ್ಟು ಪ್ಲಸ್, ಯಾವ ವಿಧಾನ, ಸ್ಲೈಡ್‌ನ ಎಸಿ ಸಂಖ್ಯೆ, ಮಾದರಿ ತೆಗೆದ ದಿನಾಂಕ ಮತ್ತು ಅಂದು ಸೇವಿಸುತ್ತಿದ್ದ ಔಷಧಗಳನ್ನು ಬರೆದಿಡಿ. ಹೊಸ ವೈದ್ಯರ ಬಳಿ ಹೋದಾಗ ಪರೀಕ್ಷೆ ಮೊದಲಿನಿಂದ ಶುರುವಾಗುವುದು ಇದರಿಂದ ತಪ್ಪುತ್ತದೆ. ಶ್ವಾಸಕೋಶದ ತೊಂದರೆ ಇರುವವರ ಮನೆಯಲ್ಲಿ ಒಂದು ಪಲ್ಸ್ ಆಕ್ಸಿಮೀಟರ್ ಇರಲಿ. ಕುಳಿತಾಗಿನ ಅಂಕಿಯನ್ನು ಬರೆದುಕೊಂಡು, ವೈದ್ಯರು ಒಪ್ಪಿದರೆ ಆರು ನಿಮಿಷ ಮನೆಯೊಳಗೇ ನಡೆದು ಮತ್ತೆ ನೋಡಿ. ನಡೆದ ಮೇಲೆ ಅಂಕಿ ನಾಲ್ಕು ಅಥವಾ ಹೆಚ್ಚು ಇಳಿಯುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ವೈದ್ಯರಿಗೆ ಅದೇ ದಿನ ಫೋನ್ ಮಾಡಿ. ಕುಳಿತಾಗಲೇ 92ಕ್ಕಿಂತ ಕೆಳಗಿದ್ದರೆ ನಡೆದು ನೋಡುವ ಗೋಜಿಗೆ ಹೋಗದೆ ನೇರ ತುರ್ತು ಚಿಕಿತ್ಸಾ ಘಟಕಕ್ಕೆ ಹೊರಡಿ, ಆ ಮೊದಲ ಪುಟವನ್ನು ಕೈಯಲ್ಲಿ ಹಿಡಿದುಕೊಂಡು.